ಮೆಕ್ಸಿಕೊ ಗಡಿನಾಡಿನ ಜನಪದ ಸಂತರು

ಚರ್ಚಿನ ಅಧಿಕೃತ ಪಟ್ಟಿಯಲ್ಲಿ ಹೆಸರಿಲ್ಲದಿದ್ದರೂ ಜನರ ಮನೆಯ ಪೂಜಾಮೂಲೆಯಲ್ಲಿ ಪಟವಿರುವವರನ್ನು ಜನಪದ ಸಂತರೆಂದು ಕರೆಯುತ್ತಾರೆ. ಕ್ಯಾಥೊಲಿಕ್ ಧರ್ಮದಲ್ಲಿ ಒಬ್ಬರನ್ನು ಸಂತರೆಂದು ಸಾರುವ ಹಕ್ಕು ರೋಮಿನದು. ವಿಚಾರಣೆ, ಸಾಕ್ಷಿ, ಪವಾಡಗಳ ಪರಿಶೀಲನೆ ಎಂದು ಅದಕ್ಕೆ ದಶಕಗಳೇ ಹಿಡಿಯುತ್ತವೆ, ಕೆಲವೊಮ್ಮೆ ಶತಮಾನಗಳು. ಮೆಕ್ಸಿಕೊ ಮತ್ತು ಅಮೆರಿಕ ಸಂಯುಕ್ತ ಸಂಸ್ಥಾನಗಳ ಗಡಿಯ ಎರಡೂ ಮಗ್ಗುಲಿನ ಜನ ಅಷ್ಟು ಕಾಯಲಿಲ್ಲ. ಕಾಯಿಲೆ ವಾಸಿ ಮಾಡಿದ ಮುದುಕ, ಮೈಮೇಲೆ ಅರಿವಿಲ್ಲದೆ ಮಲಗಿ ಎದ್ದ ಹುಡುಗಿ, ಗಾಜಿನ ಚೂರಿನಿಂದ ಗಡ್ಡೆ ಕೊಯ್ದ ಯುವಕ, ಕೊನೆಗೆ ಗುಂಡೇಟು ತಿಂದು ಸತ್ತ ಒಬ್ಬ ಸಿಪಾಯಿ, ಇವರಿಗೆಲ್ಲ ಜನರೇ ಮೇಣದಬತ್ತಿ ಹಚ್ಚಿ ಸಂತಪದವಿ ಕೊಟ್ಟರು.

ಪೆಸಿಫಿಕ್ ದಂಡೆಯ ತಿಹುವಾನಾದಿಂದ ಮೆಕ್ಸಿಕೊ ಕೊಲ್ಲಿಯವರೆಗೆ ಈ ಗಡಿ ಮೂರು ಸಾವಿರ ಕಿಲೊಮೀಟರಿಗೂ ಉದ್ದ. ಸುಮಾರು ಮೂರನೇ ಒಂದು ಭಾಗದಷ್ಟು ದೂರ ಮರುಭೂಮಿ ಮತ್ತು ಬೆಟ್ಟಗಳ ಮೇಲೆ ಎಳೆದ ಗೆರೆ, ಉಳಿದದ್ದು ಬಹುಮಟ್ಟಿಗೆ ರಿಯೊ ಗ್ರಾಂದೆ ನದಿ. 1848ರ ಗ್ವಾದಲುಪೆ ಇದಾಲ್ಗೊ ಒಪ್ಪಂದದಲ್ಲಿ ಮೆಕ್ಸಿಕೊ ತನ್ನ ಉತ್ತರ ಭಾಗದ ವಿಶಾಲ ಪ್ರದೇಶವನ್ನು ಕಳೆದುಕೊಂಡಿತು. ಅದಕ್ಕೂ ಮೊದಲೇ ಟೆಕ್ಸಸ್ ಕೈಬಿಟ್ಟಿತ್ತು. 1853ರಲ್ಲಿ ಕುದುರಿದ ಇನ್ನೊಂದು ಖರೀದಿ ಒಪ್ಪಂದ ಗೆರೆಯನ್ನು ಮತ್ತಷ್ಟು ದಕ್ಷಿಣಕ್ಕೆ ತಳ್ಳಿತು. ಊರು, ದನಕರು, ಬಂಧುಬಳಗ ಇದ್ದಲ್ಲೇ ಇದ್ದವು, ದೇಶ ಮಾತ್ರ ಬೇರೆಯಾಯಿತು. ಹೊಸ ದೇಶದ ಭಾಷೆ ಈ ಜನಕ್ಕೆ ಬರುತ್ತಿರಲಿಲ್ಲ, ಹಳೆಯ ದೇಶದ ರಾಜಧಾನಿ ಕಣ್ಣಿಗೆ ಕಾಣದಷ್ಟು ದೂರ. ದಕ್ಷಿಣ ಟೆಕ್ಸಸ್ಸಿನ ಮುಳ್ಳುಪೊದೆಯ ಬಯಲಿನಲ್ಲಿ ವೈದ್ಯ ಸಿಗುವುದೇ ಅಪರೂಪವಾಗಿತ್ತು. ಓಬ್ಲೇಟ್ ಪಂಗಡದ ಪಾದ್ರಿಗಳು ಕುದುರೆಯೇರಿ ಒಂದು ದನದ ಹಟ್ಟಿಯಿಂದ ಇನ್ನೊಂದಕ್ಕೆ ಸುತ್ತುತ್ತಿದ್ದರು. ಒಮ್ಮೆ ಬಂದುಹೋದ ಪಾದ್ರಿ ಮತ್ತೆ ಕಾಣಿಸಿಕೊಳ್ಳಲು ತಿಂಗಳುಗಳು ಬೇಕು. ಜ್ವರ ಅಷ್ಟು ದಿನ ಕಾಯುವುದಿಲ್ಲ. ಆ ಖಾಲಿ ಜಾಗವನ್ನು ತುಂಬಿದವರು ಕುರಾಂದೆರೊಗಳು, ಅಂದರೆ ನಾಟಿ ವೈದ್ಯರು. ಹೆಂಗಸಾದರೆ ಕುರಾಂದೆರಾ.

ಇವರ ವಿದ್ಯೆಗೆ ಬೇರೆ ಬೇರೆ ಊರಿನ ಬೇರುಗಳಿವೆ. ಗ್ರೀಕರಿಂದ ಅರಬರಿಗೆ, ಅರಬರಿಂದ ಸ್ಪೇನಿಗೆ ಬಂದ ಉಷ್ಣ-ಶೀತದ ಲೆಕ್ಕಾಚಾರ ಅದರಲ್ಲಿದೆ. ಮೆಕ್ಸಿಕೊದ ಮೂಲನಿವಾಸಿಗಳ ಗಿಡಮೂಲಿಕೆಯ ಅರಿವಿದೆ, ಕ್ಯಾಥೊಲಿಕ್ ಪ್ರಾರ್ಥನೆಗಳಿವೆ. ಹತ್ತೊಂಬತ್ತನೇ ಶತಮಾನದ ಉತ್ತರಾರ್ಧದಲ್ಲಿ ಫ್ರಾನ್ಸಿನ ಅಲಾನ್ ಕಾರ್ದೆಕ್‌ನ ಪ್ರೇತಾತ್ಮವಾದವೂ ಬಂದು ಸೇರಿಕೊಂಡಿತು. ಕೆಲಸವೂ ಹಂಚಿಹೋಗಿದೆ. ಸೊಪ್ಪು ಬೇರುಗಳನ್ನು ಬಲ್ಲವನು ಯೆರ್ಬೆರೊ, ನೀವುವವನು ಸೊಬಾದೊರ್, ಮೂಳೆ ಕೂರಿಸುವವನು ಉಯೆಸೆರೊ, ಹೆರಿಗೆ ಮಾಡಿಸುವವಳು ಪಾರ್ತೆರಾ. ಕುರಾಂದೆರೊ ಇವರೆಲ್ಲರಿಗಿಂತ ಒಂದು ಮೆಟ್ಟಿಲು ಮೇಲೆ. ಅವನ ಕೈಗುಣ ಕಲಿತು ಬಂದದ್ದಲ್ಲ, ದೇವರು ಕೊಟ್ಟ ವರ ಎಂಬುದು ಜನರ ನಂಬಿಕೆ. ವರವನ್ನು ಮಾರಿಕೊಳ್ಳುವಂತಿಲ್ಲ. ಕೊಟ್ಟರೆ ಇಸಿದುಕೊಳ್ಳಬಹುದು, ಕೇಳಿ ಪಡೆಯಬಾರದು. ಗಡಿನಾಡಿನ ಸಂತರ ಚರಿತ್ರೆಯನ್ನು ಓದುವಾಗ ಈ ಒಂದು ಕಟ್ಟಳೆಯನ್ನು ಗಟ್ಟಿಯಾಗಿ ಹಿಡಿದುಕೊಂಡರೆ ಉಳಿದದ್ದು ಅರ್ಥವಾಗುತ್ತಾ ಹೋಗುತ್ತದೆ. ಯಾರು ಬರೀ ವೈದ್ಯ, ಯಾರು ಸಂತ ಎಂಬುದನ್ನು ಜನ ಬಹುಮಟ್ಟಿಗೆ ಇದರಿಂದಲೇ ಅಳೆದರು.

ಕಾಯಿಲೆಗಳ ಹೆಸರು ಆಸ್ಪತ್ರೆಯ ದಾಖಲೆಗಳಲ್ಲಿ ಸಿಗುವಂಥವಲ್ಲ. ಸುಸ್ತೊ ಎಂದರೆ ಹೆದರಿಕೆಯಿಂದ ಜೀವಚೈತನ್ಯವೇ ಮೈಬಿಟ್ಟು ಹೋಗುವುದು. ಅಪಘಾತ ಕಂಡವರಿಗೆ, ನಾಯಿ ಅಟ್ಟಿಸಿಕೊಂಡು ಬಂದವರಿಗೆ, ನೀರಿನಲ್ಲಿ ಮುಳುಗಿ ಬದುಕಿದವರಿಗೆ ನಿದ್ದೆ ಬಾರದೆ, ಊಟ ಸೇರದೆ, ಮೈ ಸೊರಗುತ್ತದೆ. ಎಂಪಾಚೊ ಎಂದರೆ ತಿಂದದ್ದು ಕರುಳಿಗೆ ಅಂಟಿಕೊಂಡು ಕೂರುವುದು. ಕಾಯಿದಾ ದೆ ಮೊಯೆರಾ ಎಂದರೆ ಎಳೆಗೂಸಿನ ನೆತ್ತಿ ಒಳಕ್ಕೆ ಕುಸಿಯುವುದು. ಭೇದಿಯಿಂದ ನೀರು ಕಳೆದುಕೊಂಡ ಮಗುವಿನ ನೆತ್ತಿ ಹೀಗೆ ತಗ್ಗುತ್ತದೆ ಎಂದು ಆಧುನಿಕ ವೈದ್ಯರು ಹೇಳುತ್ತಾರೆ, ಹಾಗಾಗಿ ಇದನ್ನು ಕಂಡ ಕೂಡಲೇ ಮಗುವನ್ನು ಆಸ್ಪತ್ರೆಗೆ ಒಯ್ಯಬೇಕು. ಮಾಲ್ ದೆ ಓಹೊ ಎಂಬುದು ನಮ್ಮ ದೃಷ್ಟಿಯೇ, ಆದರೆ ಒಂದು ವ್ಯತ್ಯಾಸವಿದೆ. ಅಲ್ಲಿ ದೃಷ್ಟಿ ತಾಗುವುದಕ್ಕೆ ಹೊಟ್ಟೆಕಿಚ್ಚೇ ಬೇಕೆಂದಿಲ್ಲ. ಮಗುವನ್ನು ಮೆಚ್ಚಿ ನೋಡಿ, ಮುಟ್ಟದೆ ಹೋದರೂ ಸಾಕು. ಆದ್ದರಿಂದ ಮಗು ಮುದ್ದಾಗಿದೆ ಎಂದ ಅಪರಿಚಿತರು ಅದರ ತಲೆ ನೇವರಿಸಿ ಹೋಗಬೇಕೆಂದು ತಾಯಂದಿರು ಬಯಸುತ್ತಾರೆ. ಅಮೆರಿಕದ ದೊಡ್ಡ ನಗರಗಳಲ್ಲಿ ಬೇರೆಯವರ ಮಗುವನ್ನು ಮುಟ್ಟುವುದು ಒರಟುತನ ಎನಿಸಿಕೊಳ್ಳುತ್ತದೆ, ಇಲ್ಲಿ ಮುಟ್ಟದಿರುವುದೇ ತಪ್ಪು.

ದೃಷ್ಟಿಗೂ ಸುಸ್ತೊಗೂ ಮಾಡುವ ಚಿಕಿತ್ಸೆ ಲಿಂಪಿಯಾ, ಅಂದರೆ ಶುದ್ಧಿ. ರೋಗಿ ಮಲಗುತ್ತಾನೆ ಅಥವಾ ನಿಲ್ಲುತ್ತಾನೆ. ಒಡೆಯದ ಹಸಿ ಕೋಳಿಮೊಟ್ಟೆಯನ್ನು ಕುರಾಂದೆರಾ ನೆತ್ತಿಯಿಂದ ಅಂಗಾಲಿನವರೆಗೆ ಶಿಲುಬೆಯಾಕಾರದಲ್ಲಿ ಸವರುತ್ತಾ ಬರುತ್ತಾಳೆ. ಬಾಯಲ್ಲಿ ಪ್ರಾರ್ಥನೆ ನಡೆದೇ ಇರುತ್ತದೆ. ಸದಾಪು, ರೋಸ್‌ಮೇರಿ, ಕಾಮಕಸ್ತೂರಿಯಂಥ ಸೊಪ್ಪಿನ ಕಂತೆಯಿಂದ ಭುಜ, ಬೆನ್ನು ತಟ್ಟುತ್ತಾಳೆ. ಆಮೇಲೆ ಮೊಟ್ಟೆಯನ್ನು ನೀರಿನ ಲೋಟಕ್ಕೆ ಒಡೆದು ಹಾಕುತ್ತಾಳೆ. ಬಿಳಿಭಾಗ ಎಳೆ ಎಳೆಯಾಗಿ ಮೇಲೇಳುತ್ತದೆಯೇ, ಗುಳ್ಳೆ ಕಟ್ಟುತ್ತದೆಯೇ, ಹಳದಿಯ ಮೇಲೆ ಕಣ್ಣಿನಂಥ ಕಲೆ ಕಾಣುತ್ತದೆಯೇ ಎಂದು ನೋಡಿ ಕಾರಣ ಹೇಳುತ್ತಾಳೆ. ಲೋಟವನ್ನು ಆ ರಾತ್ರಿ ಹಾಸಿಗೆಯ ಕೆಳಗೆ ಇಡುವ ಮನೆಗಳೂ ಉಂಟು. ಈ ವಿದ್ಯೆಯನ್ನು ಟೆಕ್ಸಸ್ಸಿನ ರಿಯೊ ಗ್ರಾಂದೆ ಕಣಿವೆಯಲ್ಲಿ ವರ್ಷಗಟ್ಟಲೆ ಅಭ್ಯಾಸ ಮಾಡಿದ ರಾಬರ್ಟ್ ಟ್ರಾಟರ್ ಮತ್ತು ಹುವಾನ್ ಆಂತೊನಿಯೊ ಚಾವಿರಾ 1981ರ ತಮ್ಮ ಪುಸ್ತಕದಲ್ಲಿ ಇದರ ಮೂರು ನೆಲೆಗಳನ್ನು ಗುರುತಿಸಿದರು: ವಸ್ತುಗಳಿಂದ ಮಾಡುವುದು, ಆತ್ಮಗಳನ್ನು ಮೈಮೇಲೆ ಬರಿಸಿ ಮಾಡುವುದು, ಬರಿಯ ಮನೋಬಲದಿಂದ ಮಾಡುವುದು. ಮೊಟ್ಟೆ ಮೊದಲನೆಯ ನೆಲೆಯದು. ಎರಡನೆಯದಕ್ಕೆ ಎಸ್ಪಿನಾಸೊ ಎಂಬ ಊರಿಗೆ ಹೋಗಬೇಕು, ಆದರೆ ಅದಕ್ಕೂ ಮುಂಚೆ ಟೆಕ್ಸಸ್ಸಿನ ಮುದುಕನ ಕಥೆ ಇದೆ.

ಪೆದ್ರೊ ಹಾರಾಮಿಯೊ ಮೆಕ್ಸಿಕೊದ ಹಾಲಿಸ್ಕೊ ಪ್ರಾಂತದವರು, 1829ರ ಸುಮಾರಿಗೆ ಹುಟ್ಟಿದವರು, ಕೂಲಿ ಮಾಡುತ್ತಿದ್ದ ಮೂಲನಿವಾಸಿ ಕುಟುಂಬದ ಮಗ. 1881ರಲ್ಲಿ ನದಿ ದಾಟಿ ದಕ್ಷಿಣ ಟೆಕ್ಸಸ್ಸಿನ ಲೊಸ್ ಓಲ್ಮೊಸ್ ಎಂಬಲ್ಲಿ ನೆಲೆಸಿದರು. ವರ ಸಿಕ್ಕಿದ್ದರ ಬಗ್ಗೆ ಅವರೇ ಹೇಳುತ್ತಿದ್ದ ಕಥೆ ಸರಳವಾದದ್ದು. ಕುದುರೆಯ ಮೇಲಿಂದ ಬಿದ್ದು ಮೂಗು ಜಜ್ಜಿಹೋಯಿತು. ನೋವು ತಾಳಲಾರದೆ ಒಂದು ಕೆರೆಯ ದಂಡೆಗೆ ಹೋಗಿ ಮುಖವನ್ನು ಕೆಸರಿನಲ್ಲಿ ಹುದುಗಿಸಿಕೊಂಡು ಮಲಗಿದರು. ಮೂರು ದಿನಕ್ಕೆ ನೋವು ಇಳಿಯಿತು. ಆಮೇಲೆ ಹತ್ತಿದ ನಿದ್ದೆಯಲ್ಲಿ ಒಂದು ದನಿ, ಇನ್ನು ಮೇಲೆ ನೀನು ಜನರ ನೋವು ನೀಗಿಸಬೇಕು ಎಂದಿತು. ಮೂಗಿನ ಮೇಲಿನ ಗಾಯದ ಗುರುತು ಕೊನೆತನಕ ಉಳಿಯಿತು.

ಜನ ಅವರನ್ನು ದೊನ್ ಪೆದ್ರಿತೊ ಎಂದರು. ಹೆಸರಿನ ಹಿಂದೆ ಗೌರವದ ದೊನ್, ಮುಂದೆ ಮುದ್ದಿನ ಇತೊ. ಅವರು ಬರೆದುಕೊಡುತ್ತಿದ್ದ ಚೀಟಿಗಳಲ್ಲಿ ಔಷಧಿಯ ಹೆಸರೇ ಇರುತ್ತಿದ್ದುದು ಕಡಿಮೆ. ಮಲಗುವ ಮುನ್ನ ಒಂದು ಲೋಟ ನೀರು ಕುಡಿ, ಒಂಬತ್ತು ರಾತ್ರಿ ಹೀಗೆ ಮಾಡು. ಇಂತಿಷ್ಟು ದಿನ ತಣ್ಣೀರಿನ ಸ್ನಾನ ಮಾಡು. ಒಬ್ಬರಿಗೆ ಟೊಮೆಟೊ, ಒಬ್ಬರಿಗೆ ಕಾಫಿ, ಮತ್ತೊಬ್ಬರಿಗೆ ಒಂದು ಗುಟುಕು ವಿಸ್ಕಿ. ದನಗಾಹಿಗಳ ಒಣ ಬಯಲಿನಲ್ಲಿ, ಸಿಗುವ ನೀರೇ ಕಡಿಮೆಯಿದ್ದ ಕಡೆ, ನೀರು ಕುಡಿ, ಮೈ ತೊಳೆ ಎಂಬ ಸಲಹೆಯಲ್ಲಿ ಪವಾಡ ಹುಡುಕುವ ಅಗತ್ಯವಿಲ್ಲ. ಆದರೆ ಅದನ್ನು ಒಂಬತ್ತು ದಿನ ತಪ್ಪದೆ ಮಾಡಿಸುವ ಶಕ್ತಿ ಯಾವ ವೈದ್ಯನ ಚೀಟಿಗೂ ಇರಲಿಲ್ಲ. ಆ ಒಂಬತ್ತು ಕ್ಯಾಥೊಲಿಕರ ನೊವೇನಾದ ಒಂಬತ್ತು. ಹಾಗಾಗಿ ಚೀಟಿ ತಾನೇ ಒಂದು ವ್ರತವಾಗುತ್ತಿತ್ತು.

ಅವರ ಕಥೆಗಳನ್ನು ಕೂಡಿಸಿದವರು ಆ ಸೀಮೆಯಲ್ಲೇ ದನದ ಹಟ್ಟಿಯಲ್ಲಿ ಬೆಳೆದ ರೂತ್ ಡಾಡ್ಸನ್. ಮೊದಲು 1934ರಲ್ಲಿ ಸ್ಪ್ಯಾನಿಷಿನಲ್ಲಿ, ಮುಂದೆ 1951ರಲ್ಲಿ ಇಂಗ್ಲಿಷಿನಲ್ಲಿ ಅವು ಅಚ್ಚಾದವು. ಅದರಲ್ಲಿನ ಒಂದು ಕಥೆಯಲ್ಲಿ ಮುಳ್ಳುಹುಲ್ಲಿನ ಕಾಯಿಯೊಂದು ಒಬ್ಬನ ಗಂಟಲಿಗೆ ಸಿಕ್ಕಿಕೊಂಡಿರುತ್ತದೆ. ವೈದ್ಯರು ಕೊಯ್ಯಬೇಕೆನ್ನುತ್ತಾರೆ. ಪೆದ್ರಿತೊ ಉಪ್ಪುನೀರು ಕುಡಿಯಲು ಹೇಳುತ್ತಾರೆ. ವಾಂತಿಯ ಜೊತೆ ಮುಳ್ಳುಕಾಯಿ ಹೊರಬೀಳುತ್ತದೆ, ಅಷ್ಟರಲ್ಲಿ ಅದಕ್ಕೆ ಎರಡು ಎಲೆ ಮೊಳೆತಿರುತ್ತವೆ. ಎಲೆಗಳನ್ನು ಬಿಟ್ಟರೆ ಉಳಿದದ್ದು ಯಾರಾದರೂ ನಂಬಬಹುದಾದ ಮಾತೇ. ಇನ್ನೊಂದು ಕಥೆಯಲ್ಲಿ ತಲೆನೋವಿನಿಂದ ನರಳುತ್ತಿದ್ದ ಸಿರಿವಂತೆಯೊಬ್ಬಳು ಆಳಿನ ಕೈಲಿ ಹೇಳಿಕಳಿಸುತ್ತಾಳೆ. ಆಕೆಯ ತಲೆ ಕಡಿದು ಹಂದಿಗಳಿಗೆ ಹಾಕಿ ಎಂಬ ಉತ್ತರ ಬರುತ್ತದೆ. ಕೇಳಿದ್ದೇ ತಡ ಆಕೆಗೆ ಎಲ್ಲಿಲ್ಲದ ಸಿಟ್ಟು ನೆತ್ತಿಗೇರುತ್ತದೆ, ಅಂದಿನಿಂದ ತಲೆನೋವು ಮರಳಿ ಬರುವುದಿಲ್ಲ.

ಶುಲ್ಕ ಎಂಬ ಮಾತೇ ಅವರಲ್ಲಿರಲಿಲ್ಲ. ಕೈಲಾದವರು ಏನಾದರೂ ಇಟ್ಟು ಹೋಗುತ್ತಿದ್ದರು. ಬಂದದ್ದು ಹಿಟ್ಟು, ಬೀನ್ಸ್ ಕಾಳಾಗಿ ಹಸಿದವರಿಗೆ ಹೋಗುತ್ತಿತ್ತು. 1893ರ ಬರಗಾಲದಲ್ಲಿ ಅವರು ಸುತ್ತಲಿನ ಬಡವರಿಗೆ ಉಣಿಸಿದ್ದನ್ನು ಜನ ಪವಾಡಗಳಷ್ಟೇ ನೆನೆಯುತ್ತಾರೆ. 1894ರಲ್ಲಿ ಸಾನ್ ಆಂತೊನಿಯೊ ನಗರಕ್ಕೆ ಬಂದಾಗ ಅವರನ್ನು ಕಾಣಲು ಜನಜಾತ್ರೆಯೇ ನೆರೆಯಿತು. ದೂರದವರು ಕಾಗದ ಬರೆದು ಚೀಟಿ ತರಿಸಿಕೊಳ್ಳುತ್ತಿದ್ದರು. 1907ರ ಜುಲೈ 3ರಂದು ಅವರು ತೀರಿಕೊಂಡರು. ಫಾಲ್ಫುರಿಯಾಸ್ ಪಟ್ಟಣದ ಹೊರಗೆ, ಬ್ರೂಕ್ಸ್ ಕೌಂಟಿಯ ಹಳೆಯ ಸ್ಮಶಾನದಲ್ಲಿರುವ ಅವರ ಗೋರಿಯ ಮೇಲೆ ಸಣ್ಣ ಗುಡಿಯೊಂದಿದೆ. ಗೋಡೆಯ ತುಂಬ ಫೋಟೊ, ಕಾಗದ, ಊರುಗೋಲು. ಪದವಿ ನಿಲುವಂಗಿ ತೊಟ್ಟ ಮಕ್ಕಳ ಚಿತ್ರಗಳ ಪಕ್ಕದಲ್ಲೇ ಸೈನ್ಯಕ್ಕೆ ಸೇರಿದ ಹುಡುಗರ ಚಿತ್ರಗಳು. ಉದ್ದ ಬಿಳಿಗಡ್ಡದ ಅವರ ಒಂದೇ ಒಂದು ಪ್ರಸಿದ್ಧ ಭಾವಚಿತ್ರ ಮೇಣದಬತ್ತಿಯ ಗಾಜಿನ ಮೇಲೂ, ಪ್ರಾರ್ಥನೆಯ ಕಾರ್ಡುಗಳ ಮೇಲೂ ಅಚ್ಚಾಗುತ್ತಲೇ ಇದೆ.

ಫಾಲ್ಫುರಿಯಾಸಿನ ಹೆಸರು ಇಂದು ಬೇರೆ ಕಾರಣಕ್ಕೂ ಪತ್ರಿಕೆಗಳಲ್ಲಿ ಬರುತ್ತದೆ. ಪಟ್ಟಣದ ದಕ್ಷಿಣಕ್ಕೆ ಹೆದ್ದಾರಿಯಲ್ಲಿ ಗಡಿ ಕಾವಲಿನವರ ದೊಡ್ಡ ತಪಾಸಣಾ ಠಾಣೆಯಿದೆ. ಅದನ್ನು ತಪ್ಪಿಸಲು ಕಾಗದಪತ್ರವಿಲ್ಲದ ವಲಸಿಗರು ಖಾಸಗಿ ಹಟ್ಟಿಗಳ ಮರಳಿನಲ್ಲಿ ದಿನಗಟ್ಟಲೆ ನಡೆಯುತ್ತಾರೆ. 2012ರೊಂದರಲ್ಲೇ ಈ ಕೌಂಟಿಯಲ್ಲಿ ನೂರಕ್ಕೂ ಹೆಚ್ಚು ಶವಗಳು ಸಿಕ್ಕವು. ಬಹಳಷ್ಟು ಸಾವಿಗೆ ಕಾರಣ ಬಿಸಿಲು ಮತ್ತು ನೀರಡಿಕೆ.

ಪೆದ್ರಿತೊ ರಾಜಕೀಯದ ಗೊಡವೆಗೆ ಹೋಗಲಿಲ್ಲ. ತೆರೇಸಾ ಉರ್ರೆಯಾ ಬಯಸದಿದ್ದರೂ ರಾಜಕೀಯವೇ ಆಕೆಯನ್ನು ಹುಡುಕಿಕೊಂಡು ಬಂತು. ಆಕೆ ಹುಟ್ಟಿದ್ದು 1873ರಲ್ಲಿ, ಸಿನಾಲೊವಾ ಪ್ರಾಂತದಲ್ಲಿ. ತಂದೆ ಜಮೀನುದಾರ, ತಾಯಿ ಆತನ ಜಮೀನಿನಲ್ಲಿ ದುಡಿಯುತ್ತಿದ್ದ ಮೂಲನಿವಾಸಿ ಹುಡುಗಿ, ಅವರಿಗೆ ಮದುವೆಯಾಗಿರಲಿಲ್ಲ. ಹದಿಹರೆಯದಲ್ಲಿ ತಂದೆಯ ಮನೆ ಸೇರಿದ ತೆರೇಸಾ ಸೊನೋರಾದ ಕಾಬೋರಾ ಎಂಬ ಜಮೀನಿನಲ್ಲಿ ಉಯೀಲಾ ಎಂಬ ಮುದಿ ಕುರಾಂದೆರಾಳ ಜೊತೆ ತಿರುಗಿ ಗಿಡಮೂಲಿಕೆ ಕಲಿತಳು. 1889ರಲ್ಲಿ ಎಚ್ಚರವಿಲ್ಲದ ಸ್ಥಿತಿಗೆ ಜಾರಿದಳು. ಸತ್ತಳೆಂದು ಎಲ್ಲರೂ ತಿಳಿದಿದ್ದಾಗ ಎದ್ದು ಕೂತಳೆಂದು ಪ್ರತೀತಿ. ಆಮೇಲೆ ಆಕೆ ಕೈಯಿಟ್ಟರೆ ಕಾಯಿಲೆ ವಾಸಿಯಾಗುತ್ತದೆ ಎಂಬ ಸುದ್ದಿ ಹಬ್ಬಿ ಕಾಬೋರಾಕ್ಕೆ ಸಾವಿರಾರು ಜನ ಬಂದರು. ಆಕೆ ಮಣ್ಣಿಗೆ ಎಂಜಲು ಬೆರೆಸಿ ಹಚ್ಚುತ್ತಿದ್ದಳು. ಬಂದವರಲ್ಲಿ ಮಾಯೊ ಮತ್ತು ಯಾಕಿ ಬುಡಕಟ್ಟಿನವರೇ ಬಹಳ. ಅವರ ನೀರು, ನೆಲ ಎರಡನ್ನೂ ಪೊರ್ಫಿರಿಯೊ ದಿಯಾಸ್ ಸರ್ಕಾರ ದೊಡ್ಡ ಜಮೀನುದಾರರಿಗೂ ಕಂಪನಿಗಳಿಗೂ ಹಂಚುತ್ತಿದ್ದ ಕಾಲ ಅದು. ಜನರ ಮೇಲೆ ನಡೆಯುತ್ತಿರುವುದು ಅನ್ಯಾಯ ಎಂದು ಹುಡುಗಿಯೊಬ್ಬಳು ಬಹಿರಂಗವಾಗಿ ಹೇಳಿದರೆ ಅದು ಔಷಧಿಗಿಂತ ಬೇಗ ಹರಡುತ್ತದೆ.

ಚಿವಾವಾ ಬೆಟ್ಟಗಳ ತೊಮೊಚಿಕ್ ಎಂಬ ಸಣ್ಣ ಹಳ್ಳಿಯವರು 1891ರಲ್ಲಿ ಸರ್ಕಾರಕ್ಕೂ ಪಾದ್ರಿಗೂ ತಲೆಬಾಗುವುದಿಲ್ಲ, ದೇವರನ್ನು ಬಿಟ್ಟರೆ ಕಾಬೋರಾದ ಸಂತ ತೆರೇಸಾಗೆ ಮಾತ್ರ ಎಂದರು. 1892ರ ಮೇ ತಿಂಗಳಲ್ಲಿ ಮಾಯೊ ಜನ ಆಕೆಯ ಹೆಸರು ಕೂಗುತ್ತಾ ನವೊಹೊವಾ ಪಟ್ಟಣದ ಮೇಲೆ ಬಿದ್ದರು. ಸರ್ಕಾರ ತಂದೆ, ಮಗಳು ಇಬ್ಬರನ್ನೂ ಗಡಿಯಾಚೆ ಅರಿಜೋನಾಕ್ಕೆ ಗಡೀಪಾರು ಮಾಡಿತು. ಅದೇ ವರ್ಷದ ಅಕ್ಟೋಬರಿನಲ್ಲಿ ಸೈನ್ಯ ತೊಮೊಚಿಕ್ ಹಳ್ಳಿಯನ್ನು ಸುಟ್ಟು ನೆಲಸಮ ಮಾಡಿತು. ಆ ದಾಳಿಯಲ್ಲಿದ್ದ ಯುವ ಸೇನಾಧಿಕಾರಿ ಎರಿಬೆರ್ತೊ ಫ್ರಿಯಾಸ್ ಕಂಡದ್ದನ್ನು ಕಾದಂಬರಿಯಾಗಿ ಬರೆದು ಮರುವರ್ಷ ಪತ್ರಿಕೆಯಲ್ಲಿ ಧಾರಾವಾಹಿಯಾಗಿ ಹೊರಬರುವಂತೆ ಮಾಡಿ ತೊಂದರೆಗೆ ಸಿಕ್ಕಿಕೊಂಡ. ಗಡೀಪಾರಿನಿಂದ ಸದ್ದು ಅಡಗಲಿಲ್ಲ. 1896ರ ಆಗಸ್ಟಿನಲ್ಲಿ ನೊಗಾಲೆಸ್ ಪಟ್ಟಣದ ಸುಂಕದ ಕಟ್ಟೆಯ ಮೇಲೆ ದಾಳಿ ಮಾಡಿದವರು ತೆರೆಸಿಸ್ತಾಗಳೆಂದೇ ಹೆಸರಾದರು. ಸತ್ತವರ ಬಳಿ ಆಕೆಯ ಫೋಟೊಗಳು ಸಿಕ್ಕವು. ಬಂಡಾಯಕ್ಕೂ ತನಗೂ ಸಂಬಂಧವಿಲ್ಲವೆಂದೇ ತೆರೇಸಾ ಹೇಳುತ್ತಾ ಬಂದಳು.

1900ರಲ್ಲಿ ಕ್ಯಾಲಿಫೋರ್ನಿಯಾದ ಒಂದು ಕಂಪನಿ ಆಕೆಯೊಡನೆ ಕರಾರು ಮಾಡಿಕೊಂಡು ಊರೂರು ಸುತ್ತಿಸಿ ಚಿಕಿತ್ಸೆಯ ಪ್ರದರ್ಶನ ಏರ್ಪಡಿಸಿತು. ಸಾನ್ ಫ್ರಾನ್ಸಿಸ್ಕೊ, ಸೇಂಟ್ ಲೂಯಿಸ್, ನ್ಯೂಯಾರ್ಕ್‌ಗಳ ಪತ್ರಿಕೆಗಳು ಪುಟಗಟ್ಟಲೆ ಬರೆದವು. ಕಂಪನಿ ರೋಗಿಗಳಿಂದ ಹಣ ವಸೂಲಿ ಮಾಡುತ್ತಿದೆ ಎಂದು ತಿಳಿದ ಮೇಲೆ ತೆರೇಸಾ ಕರಾರು ಮುರಿದುಕೊಂಡು ಅರಿಜೋನಾದ ತಾಮ್ರದ ಗಣಿಯೂರು ಕ್ಲಿಫ್ಟನ್‌ಗೆ ಮರಳಿದಳು. 1906ರ ಜನವರಿಯಲ್ಲಿ ಕ್ಷಯದಿಂದ ತೀರಿಕೊಂಡಾಗ ಆಕೆಗೆ ಮೂವತ್ತೆರಡು ವರ್ಷ. ಅದೇ ವಂಶದ ಲೂಯಿಸ್ ಆಲ್ಬರ್ತೊ ಉರ್ರೆಯಾ 2005 ಮತ್ತು 2011ರಲ್ಲಿ ಆಕೆಯ ಬದುಕನ್ನು ಎರಡು ಕಾದಂಬರಿಗಳಾಗಿ ಬರೆದಿದ್ದಾರೆ.

ಗಡಿನಾಡಿನ ಸಂತರಲ್ಲಿ ಜಾತ್ರೆ, ಗುರುಪರಂಪರೆ, ನೋಂದಾಯಿತ ಮಂಡಳಿ ಎಲ್ಲವೂ ಕೂಡಿಬಂದದ್ದು ನಿನ್ಯೊ ಫಿದೆನ್ಸಿಯೊಗೆ ಮಾತ್ರ. ಹೊಸೆ ಫಿದೆನ್ಸಿಯೊ ಕೊನ್ಸ್ತಾಂತಿನೊ 1898ರಲ್ಲಿ ಗ್ವಾನಾಹ್ವಾತೊ ಪ್ರಾಂತದಲ್ಲಿ ಹುಟ್ಟಿ, 1920ರ ದಶಕದ ಆರಂಭದಲ್ಲಿ ನುಯೆವೊ ಲೆಓನ್ ಪ್ರಾಂತದ ಎಸ್ಪಿನಾಸೊಗೆ ಬಂದು, ಅಲ್ಲಿಯ ಜಮೀನಿನ ಮನೆಯಲ್ಲಿ ಅಡುಗೆ ಮತ್ತು ಮನೆಗೆಲಸ ಮಾಡಿಕೊಂಡಿದ್ದ. ಮೊದಲು ಹೆರಿಗೆ ಮಾಡಿಸಿದ, ಮುರಿದ ಮೂಳೆ ಕಟ್ಟಿದ. ಗಡ್ಡ ಮೀಸೆ ಬಾರದ ಮುಖ, ತೆಳ್ಳಗಿನ ದನಿ, ಆಟವೆಂದರೆ ಪ್ರಾಣ. ಹಾಗಾಗಿ ಎಲ್ಲರ ಬಾಯಲ್ಲೂ ನಿನ್ಯೊ, ಅಂದರೆ ಮಗು, ಆದ. ಎಸ್ಪಿನಾಸೊ ಮರುಭೂಮಿಯ ನಡುವೆ ರೈಲು ನಿಲ್ಲುವ ಕುಗ್ರಾಮ. ಆ ರೈಲೇ ಅದರ ಹಣೆಬರಹ ಬದಲಾಯಿಸಿತು.

1928ರ ಫೆಬ್ರವರಿ 8ರಂದು ಮೆಕ್ಸಿಕೊದ ಅಧ್ಯಕ್ಷ ಪ್ಲುತಾರ್ಕೊ ಎಲಿಯಾಸ್ ಕಾಯೆಸ್‌ನ ರೈಲು ಎಸ್ಪಿನಾಸೊದಲ್ಲಿ ನಿಂತಿತು. ಕಾಯೆಸ್ ಚರ್ಚಿನ ಕಡುವೈರಿ. ಆತನ ಕಾನೂನುಗಳ ವಿರುದ್ಧ 1926ರಿಂದ ಕ್ರಿಸ್ತೆರೊ ಯುದ್ಧ ನಡೆದೇ ಇತ್ತು, ಗುಡಿಗಳಲ್ಲಿ ಪೂಜೆ ನಿಂತುಹೋಗಿತ್ತು. ಅಂಥವನು ಬರಿಗಾಲಿನ ವೈದ್ಯನೊಬ್ಬನ ಕೈಲಿ ಚಿಕಿತ್ಸೆ ಪಡೆದ ಎಂಬ ಸುದ್ದಿಗೆ ಪತ್ರಿಕೆಗಳು ಮುಗಿಬಿದ್ದವು. ಯಾವ ಕಾಯಿಲೆ, ಏನು ಚಿಕಿತ್ಸೆ ಎಂಬ ಬಗ್ಗೆ ನಾನಾ ಕಥೆಗಳಿವೆ. ಆ ವರ್ಷ ಗಾಡಿಗಟ್ಟಲೆ ರೋಗಿಗಳು ಬಂದಿಳಿದು ಬಯಲಿನಲ್ಲಿ ಗುಡಿಸಲು ಹಾಕಿಕೊಂಡರು. ಪಾದ್ರಿಗಳಿಗೆ ಬಾಗಿಲು ಮುಚ್ಚಿದ್ದ ಕಾಲದಲ್ಲಿ ಜನರ ಭಕ್ತಿ ಹರಿದುಹೋಗಲು ಒಂದು ದಾರಿ ಬೇಕಿತ್ತು. ಫಿದೆನ್ಸಿಯೊನ ಹೆಸರು ಅಷ್ಟು ಬೇಗ ಬೆಳೆದದ್ದಕ್ಕೆ ಆತನ ಕೈಗುಣದಷ್ಟೇ ಇದೂ ಕಾರಣ.

ಚಿಕಿತ್ಸೆಯ ರೀತಿ ಒಂದೆರಡಲ್ಲ. ಒಡೆದ ಬಾಟಲಿಯ ಗಾಜಿನ ಚೂರಿನಿಂದ ಗಡ್ಡೆಗಳನ್ನು ಕೊಯ್ದು ತೆಗೆಯುತ್ತಿದ್ದ. ಅರಿವಳಿಕೆಯಿಲ್ಲದೆಯೂ ನೋವಾಗಲಿಲ್ಲ ಎಂದು ರೋಗಿಗಳು ಹೇಳುತ್ತಿದ್ದರು. ತೆಗೆದ ಗಡ್ಡೆಗಳನ್ನು ದ್ರಾವಣ ತುಂಬಿದ ಸೀಸೆಗಳಲ್ಲಿಟ್ಟು ತೋರಿಸುತ್ತಿದ್ದರು. ಮಾತು ಬಾರದವರನ್ನು ಉಯ್ಯಾಲೆಯಲ್ಲಿ ಕೂರಿಸಿ ಜೋರಾಗಿ ತೂಗುತ್ತಿದ್ದ. ಕೆಲವರನ್ನು ಹಲ್ಲಿಲ್ಲದ ಪೂಮಾದ ಎದುರು ನಿಲ್ಲಿಸಿ ಬೆಚ್ಚಿಬೀಳಿಸುತ್ತಿದ್ದ. ಜನ ಹೆಚ್ಚಾಗಿ ಒಬ್ಬೊಬ್ಬರನ್ನೇ ನೋಡಲಾಗದಾಗ ಮಾಳಿಗೆ ಹತ್ತಿ ಹಣ್ಣುಗಳನ್ನು ಎಸೆಯುತ್ತಿದ್ದ. ಹಣ್ಣು ಯಾರಿಗೆ ತಾಗಿತೋ ಅವರಿಗೆ ಗುಣ. ಊರ ಕೆಸರುಹೊಂಡ ಚಾರ್ಕಿತೊದಲ್ಲಿ ಚರ್ಮರೋಗಿಗಳನ್ನೂ ಬುದ್ಧಿಭ್ರಮಣೆಯವರನ್ನೂ ಮುಳುಗಿಸುತ್ತಿದ್ದ. ಕುಷ್ಠರೋಗಿಗಳಿಗೆ ಬೇರೆಯೇ ಬಿಡಾರವಿತ್ತು, ಅದಕ್ಕೆ ದಿಚಾ, ಅಂದರೆ ಆನಂದ, ಎಂಬ ಹೆಸರು. ಕಾಣಿಕೆಯಾಗಿ ಬಂದದ್ದನ್ನು ಅಲ್ಲಿಂದಲ್ಲಿಗೇ ಹಂಚಿಬಿಡುತ್ತಿದ್ದ, ತಾನು ಮಲಗುವುದು ಕಡಿಮೆ, ತಿನ್ನುವುದು ಇನ್ನೂ ಕಡಿಮೆ. 1938ರ ಅಕ್ಟೋಬರ್ 19ರಂದು, ನಲವತ್ತರ ಆಸುಪಾಸಿನಲ್ಲಿ ಸತ್ತ. ಆತ ಸಮಾಧಿಸ್ಥಿತಿಯಲ್ಲಿದ್ದಾಗ ವೈದ್ಯರೇ ಕುತ್ತಿಗೆ ಕೊಯ್ದರೆಂಬ ಕಥೆ ಭಕ್ತರಲ್ಲಿದೆ. ಅದರಲ್ಲಿ ಚರಿತ್ರೆಗಿಂತ ವೈದ್ಯರ ಮೇಲಿನ ಗುಮಾನಿಯೇ ಹೆಚ್ಚು.

ಸಾವಿನ ನಂತರ ಆದದ್ದು ಇನ್ನೂ ಕುತೂಹಲದ್ದು. ನಿನ್ಯೊ ಕೆಲವರ ಮೈಮೇಲೆ ಬರತೊಡಗಿದ. ಇವರಿಗೆ ಮಾತೇರಿಯಾ ಎನ್ನುತ್ತಾರೆ, ಪೆಟ್ಟಿಗೆ ಎಂಬರ್ಥದ ಕಾಹಿತಾ ಎಂಬ ಹೆಸರೂ ಇದೆ. ಕಣ್ಣು ಮುಚ್ಚಿ, ನಿಲುವಂಗಿ ತೊಟ್ಟು, ಮಗುವಿನ ದನಿಯಲ್ಲಿ ಮಾತಾಡಿ, ಕೈಯಿಂದ ಸವರಿ ಚಿಕಿತ್ಸೆ ಮಾಡುತ್ತಾರೆ. ಇವರಲ್ಲಿ ಹೆಂಗಸರೇ ಹೆಚ್ಚು. ಹೆಂಗಸರಿಗೆ ಪಾದ್ರಿಯ ಪೀಠ ಕೊಡದ ಧರ್ಮದೊಳಗಿದ್ದುಕೊಂಡೇ, ಕಾರ್ಖಾನೆಯಲ್ಲೋ ಹೊಲದಲ್ಲೋ ದುಡಿಯುವ ಹೆಂಗಸು ವಾರಕ್ಕೆರಡು ಸಂಜೆ ತನ್ನ ಮನೆಯ ಮುಂದಿನ ಕೋಣೆಯಲ್ಲಿ ಒಂದು ಸಭೆಗೆ ಯಜಮಾನಿಯಾಗುತ್ತಾಳೆ. ಇಂಥ ಸಭೆಗೆ ಮಿಸಿಯೊನ್ ಎಂದು ಹೆಸರು. ವಲಸೆಯ ಜೊತೆ ಅವು ಟೆಕ್ಸಸ್ ದಾಟಿ ಅಮೆರಿಕದ ಒಳನಾಡಿಗೂ ಹೋಗಿವೆ.

ವರ್ಷಕ್ಕೆರಡು ಸಲ, ಮಾರ್ಚಿನಲ್ಲಿ ಸಂತ ಜೋಸೆಫರ ಹಬ್ಬದ ಹೊತ್ತಿಗೆ ಮತ್ತು ಅಕ್ಟೋಬರಿನಲ್ಲಿ ನಿನ್ಯೊ ತೀರಿಕೊಂಡ ದಿನಕ್ಕೆ, ಮಿಸಿಯೊನ್‌ಗಳು ಬಸ್ಸು ಮಾಡಿಕೊಂಡು ಎಸ್ಪಿನಾಸೊಗೆ ಬರುತ್ತವೆ. ಒಂದೊಂದು ತಂಡಕ್ಕೂ ಒಂದು ಬಾವುಟ, ಗರಿಯ ಕಿರೀಟ ತೊಟ್ಟ ಮಾತಾಚಿನ್ ಕುಣಿತದವರು, ಡೋಲು. ಮೆರವಣಿಗೆ ಶುರುವಾಗುವುದು ಪಿರುಲಿತೊ ಎಂಬ ಹಳೆಯ ಮರದ ಬಳಿ, ಫಿದೆನ್ಸಿಯೊಗೆ ವರ ಸಿಕ್ಕಿದ ಜಾಗವೆಂದು ಜನ ನಂಬಿದಲ್ಲಿ. ಮರಕ್ಕೆ ಮೂರು ಸುತ್ತು ಬಂದು ಗೋರಿಯ ಕಡೆಗೆ ನಡೆಯುತ್ತಾರೆ. ಹರಕೆ ಹೊತ್ತವರು ಆ ದೂರವನ್ನು ಮಣ್ಣುರಸ್ತೆಯಲ್ಲಿ ಉರುಳುತ್ತಲೋ ಮೊಣಕಾಲೂರಿಯೋ ಸವೆಸುತ್ತಾರೆ. ಜೊತೆಗಿದ್ದವರು ಮುಂದಿನ ಕಲ್ಲುಗಳನ್ನು ಆಯ್ದು ಪಕ್ಕಕ್ಕೆಸೆಯುತ್ತಾರೆ, ನಡುನಡುವೆ ನೀರು ಚಿಮುಕಿಸುತ್ತಾರೆ. ಚಾರ್ಕಿತೊದ ನೀರಿನಲ್ಲಿ ಮೈತುಂಬ ಕೆಸರಾದ ಅಜ್ಜಿಯರು, ಮೊಮ್ಮಕ್ಕಳು. ಅಂಗಡಿಸಾಲಿನಲ್ಲಿ ಮಾರುವ ಪಟಗಳಲ್ಲಿ ಫಿದೆನ್ಸಿಯೊ ಕೆಲವೊಮ್ಮೆ ಯೇಸುವಿನಂತೆ ಎದೆ ತೋರಿಸಿ ನಿಂತಿದ್ದರೆ, ಕೆಲವೊಮ್ಮೆ ಗ್ವಾದಲುಪೆಯ ಮಾತೆಯ ನಕ್ಷತ್ರದ ಮೇಲುವಸ್ತ್ರವನ್ನೇ ಹೊದ್ದಿದ್ದಾನೆ. ಕ್ಯಾಥೊಲಿಕ್ ಚರ್ಚಿಗೆ ಇದು ಹಿಡಿಸದ್ದರಲ್ಲಿ ಆಶ್ಚರ್ಯವಿಲ್ಲ. 1992ರಲ್ಲಿ ಮೆಕ್ಸಿಕೊ ಧಾರ್ಮಿಕ ಸಂಘಗಳ ಕಾನೂನು ಸಡಿಲಿಸಿದ ಮೇಲೆ ಒಂದು ಗುಂಪು ಫಿದೆನ್ಸಿಸ್ತಾ ಕ್ರಿಶ್ಚಿಯನ್ ಚರ್ಚ್ ಎಂದು 1993ರಲ್ಲಿ ನೋಂದಾಯಿಸಿಕೊಂಡಿತು. ತಾವು ಕ್ಯಾಥೊಲಿಕರೇ, ಬೇರೆ ಚರ್ಚು ಬೇಕಿಲ್ಲ ಎನ್ನುವ ಭಕ್ತರೂ ಇದ್ದಾರೆ.

ಎಲ್ಲ ಜನಪದ ಸಂತರೂ ವೈದ್ಯರಲ್ಲ, ಎಲ್ಲರೂ ಸಜ್ಜನರೆಂದೂ ಹೇಳಲಾಗದು. 1938ರ ಫೆಬ್ರವರಿಯಲ್ಲಿ ತಿಹುವಾನಾದಲ್ಲಿ ಎಂಟು ವರ್ಷದ ಬಾಲಕಿಯ ಮೇಲೆ ಅತ್ಯಾಚಾರವೆಸಗಿ ಕೊಂದ ಆರೋಪಕ್ಕೆ ಹುವಾನ್ ಕಾಸ್ತಿಯೊ ಮೊರಾಲೆಸ್ ಎಂಬ ಸಿಪಾಯಿಯನ್ನು ಹಿಡಿದರು. ಜೂಜಿನ ಮನೆಗಳು ಮುಚ್ಚಿ ಕೆಲಸ ಕಳೆದುಕೊಂಡವರಿಂದ ಊರು ಮೊದಲೇ ಕುದಿಯುತ್ತಿತ್ತು. ಉದ್ರಿಕ್ತ ಗುಂಪು ಪೊಲೀಸ್ ಠಾಣೆಗೆ ಬೆಂಕಿಯಿಟ್ಟಿತು. ಸೈನ್ಯ ಅವಸರದ ವಿಚಾರಣೆ ಮುಗಿಸಿ, 17ರಂದು ಆತನನ್ನು ಸ್ಮಶಾನಕ್ಕೆ ಒಯ್ದು ಓಡಲು ಬಿಟ್ಟು ಗುಂಡಿಕ್ಕಿತು. ಕೆಲವೇ ದಿನಗಳಲ್ಲಿ ಗೋರಿಯಿಂದ ರಕ್ತ ಒಸರುತ್ತಿದೆ, ದನಿ ಕೇಳುತ್ತಿದೆ ಎಂಬ ಮಾತು ಹಬ್ಬಿತು. ಅನ್ಯಾಯದ ಸಾವು ಕಂಡ ಆತ್ಮ ದೇವರಿಗೆ ಹತ್ತಿರ ಎಂಬುದು ಹಳೆಯ ನಂಬಿಕೆ. ಆತನನ್ನು ಕೊಂದುಹಾಕಲೆಂದು ಕೂಗಿದ ಊರೇ ಹುವಾನ್ ಸೊಲ್ದಾದೊ, ಅಂದರೆ ಸಿಪಾಯಿ ಹುವಾನ್, ಎಂದು ಕರೆದು ಕಲ್ಲು ಪೇರಿಸಿ ಗುಡಿ ಕಟ್ಟಿತು. ಗಡಿ ದಾಟುವ ಮುನ್ನ ವಲಸಿಗರು ಅಲ್ಲಿಗೆ ಬರುತ್ತಾರೆ, ವಾಸದ ಪರವಾನಗಿ ಸಿಕ್ಕವರು ಅದರ ನಕಲನ್ನು ಗೋಡೆಗೆ ಅಂಟಿಸುತ್ತಾರೆ. ಚರಿತ್ರಕಾರ ಪಾಲ್ ವ್ಯಾಂಡರ್‌ವುಡ್ 2004ರಲ್ಲಿ ಈತನ ಮೇಲೆ ಒಂದು ಪುಸ್ತಕವನ್ನೇ ಬರೆದರು. ಇವನು ನಿರಪರಾಧಿ ಎಂದು ಭಕ್ತರು ನಂಬುತ್ತಾರೆ. ಆ ಬಾಲಕಿಗೆ ಗುಡಿಯಿಲ್ಲ ಎಂಬುದನ್ನೂ ಓದುಗರು ಗಮನಿಸಬೇಕು.

ಅಧಿಕೃತ ಸಂತರನ್ನೂ ಗಡಿ ತನಗೆ ಬೇಕಾದಂತೆ ಮಾರ್ಪಡಿಸಿಕೊಂಡಿದೆ. ಕ್ರಿಸ್ತೆರೊ ಯುದ್ಧದಲ್ಲಿ 1928ರಲ್ಲಿ ಕೊಲೆಯಾದ ಪಾದ್ರಿ ತೊರಿಬಿಯೊ ರೊಮೊರನ್ನು ರೋಮ್ 2000ದಲ್ಲಿ ಸಂತರೆಂದು ಸಾರಿತು. ವಲಸಿಗರಿಗೆ ಅವರು ಮರುಭೂಮಿಯಲ್ಲಿ ದಾರಿ ತಪ್ಪಿದಾಗ ಎದುರಾಗಿ ನೀರು ಕೊಟ್ಟು ದಾರಿ ತೋರುವ ಅಪರಿಚಿತ ಯುವಕ. ಸೊನೋರಾದ ಮಗ್ದಲೇನಾದಲ್ಲಿರುವ ಸಂತ ಫ್ರಾನ್ಸಿಸ್ ಜೇವಿಯರನ ಕಥೆ ಇನ್ನೂ ಸ್ವಾರಸ್ಯದ್ದು. ಜೇವಿಯರ್ ಭಾರತದಲ್ಲಿ ದುಡಿದು, ಗೋವಾದಲ್ಲಿ ದೇಹ ಉಳಿದವನು. ಮಗ್ದಲೇನಾದಲ್ಲಿ ಅವನದು ಮಲಗಿರುವ ಮರದ ವಿಗ್ರಹ. ಚರ್ಚಿನ ಪ್ರಕಾರ ಅವನ ಹಬ್ಬ ಡಿಸೆಂಬರ್ 3ಕ್ಕೆ. ಇಲ್ಲಿನ ಜಾತ್ರೆಯೋ ಅಕ್ಟೋಬರ್ 4ಕ್ಕೆ, ಅಂದರೆ ಅಸ್ಸಿಸಿಯ ಫ್ರಾನ್ಸಿಸನ ದಿನ. ಇಬ್ಬರು ಫ್ರಾನ್ಸಿಸರು ಜನರ ಮನಸ್ಸಿನಲ್ಲಿ ಒಬ್ಬರೇ ಆಗಿ ಯಾವ ಕಾಲವಾಯಿತೋ. ಭಕ್ತರು ಸಾಲಿನಲ್ಲಿ ನಿಂತು ವಿಗ್ರಹದ ತಲೆಯಡಿ ಕೈಹಾಕಿ ಎತ್ತುತ್ತಾರೆ. ಪಾಪ ಹೊತ್ತವರಿಗೆ, ಹರಕೆ ತೀರಿಸದವರಿಗೆ ಅದು ಮೇಲೇಳುವುದಿಲ್ಲವಂತೆ. ಅರಿಜೋನಾದ ತೊಹೊನೊ ಓಡಮ್ ಜನ ಇಲ್ಲಿಗೆ ನಡೆದು ಬರುತ್ತಾರೆ. 1853ರ ಖರೀದಿ ಇವರ ನೆಲವನ್ನೇ ಇಬ್ಭಾಗ ಮಾಡಿತ್ತು. ಈಗ ತಮ್ಮ ಸಂತನ ದರ್ಶನಕ್ಕೆ ಅವರು ಎರಡು ಸರ್ಕಾರಗಳ ಕಾವಲು ದಾಟಬೇಕು.

ಸಿನಾಲೊವಾದ ಕುಲಿಯಾಕಾನ್ ನಗರದ ಹೆಸುಸ್ ಮಾಲ್ವೆರ್ದೆ ಮತ್ತು ಅಸ್ಥಿಪಂಜರ ರೂಪದ ಸಾಂತಾ ಮುಯೆರ್ತೆಯ ಹೆಸರು ಮಾದಕವಸ್ತು ಸಾಗಣೆದಾರರ ಜೊತೆ ತಳಕು ಹಾಕಿಕೊಂಡಿದೆ. ಸಿನಿಮಾಗಳೂ ಪೊಲೀಸರೂ ಇದನ್ನು ಬೇಕಾದಷ್ಟು ಹೇಳಿದ್ದಾರೆ. ಅವರಿಗೆ ಮೇಣದಬತ್ತಿ ಹಚ್ಚುವವರಲ್ಲಿ ಟ್ಯಾಕ್ಸಿ ಓಡಿಸುವವರು, ಬೀದಿ ವ್ಯಾಪಾರಿಗಳು, ಜೈಲಿನಲ್ಲಿರುವವರ ತಾಯಂದಿರು ಸೇರಿದ್ದಾರೆ ಎಂಬುದು ಅಷ್ಟಾಗಿ ಸುದ್ದಿಯಾಗುವುದಿಲ್ಲ.

ಈ ಪರಂಪರೆಗೆ ಅಪಾಯದ ಮುಖವೂ ಇದೆ. ಎಂಪಾಚೊಗೆ ಮಕ್ಕಳಿಗೆ ಕೊಡುತ್ತ ಬಂದ ಗ್ರೇತಾ ಎಂಬ ಹಳದಿ ಪುಡಿ ಮತ್ತು ಅಸಾರ್ಕೊನ್ ಎಂಬ ಕಿತ್ತಳೆ ಪುಡಿ ನಿಜಕ್ಕೂ ಸೀಸದ ಆಕ್ಸೈಡುಗಳು. 1980ರ ದಶಕದ ಆರಂಭದಲ್ಲಿ ಅಮೆರಿಕದ ಆರೋಗ್ಯ ಇಲಾಖೆಗಳು ಮಕ್ಕಳ ಸೀಸವಿಷದ ಪ್ರಕರಣಗಳ ಬೆನ್ನುಹತ್ತಿದಾಗ ಈ ಪುಡಿಗಳು ಬೆಳಕಿಗೆ ಬಂದವು. ಹೊಟ್ಟೆನೋವಿಗೆಂದು ಕೊಟ್ಟದ್ದೇ ಹೊಟ್ಟೆನೋವು ತರುತ್ತಿತ್ತು, ಆಗ ಇನ್ನೊಂದು ಚಿಟಿಕೆ ಕೊಡುತ್ತಿದ್ದರು. ಕುರಾಂದೆರೊಗಳನ್ನು ಗೌರವದಿಂದ ಕಂಡು ಬರೆದ ಟ್ರಾಟರ್ ಅವರೇ ಈ ಪುಡಿಗಳ ಬಳಕೆ ಎಷ್ಟಿದೆ, ಎಲ್ಲಿದೆ ಎಂದು ಹುಡುಕಿ ಎಚ್ಚರಿಸಿದವರಲ್ಲಿ ಒಬ್ಬರು. ಹೊಟ್ಟೆಗೆ ಎಣ್ಣೆ ಹಚ್ಚಿ ನೀವುವುದು, ಕ್ಯಾಮೊಮೈಲ್ ಹೂವಿನ ಕಷಾಯ ಕುಡಿಸುವುದು ಇವುಗಳಿಂದ ಕೆಡುಕಿಲ್ಲ. ಕಷಾಯಕ್ಕೂ ಸೀಸಕ್ಕೂ ಒಂದೇ ನಂಬಿಕೆಯ ಮುದ್ರೆ ಬೀಳುವುದೇ ಅಪಾಯ.

ಪರವಾನಗಿಯಿಲ್ಲದೆ ವೈದ್ಯ ವೃತ್ತಿ ಮಾಡುವುದು ಅಮೆರಿಕದಲ್ಲಿ ಅಪರಾಧ. ಶುಲ್ಕ ಕೇಳದೆ ಕಾಣಿಕೆ ಮಾತ್ರ ಸ್ವೀಕರಿಸುವ ಹಳೆಯ ಕಟ್ಟಳೆ ಇಲ್ಲಿ ಕಾನೂನಿನ ಗುರಾಣಿಯೂ ಆಯಿತು. ಆದರೆ ವ್ಯಾಪಾರ ಪಕ್ಕದಲ್ಲೇ ಬೆಳೆದಿದೆ. ಗಡಿಯೂರುಗಳ ಯೆರ್ಬೆರಿಯಾ ಅಂಗಡಿಗಳಲ್ಲಿ ಒಣಸೊಪ್ಪಿನ ಪೊಟ್ಟಣಗಳ ಪಕ್ಕ ಅದೃಷ್ಟದ ಸೋಪು, ಕೋರ್ಟು ಕೇಸು ಗೆಲ್ಲಿಸುವ ಸ್ಪ್ರೇ, ಗಂಡನನ್ನು ಮನೆಗೆ ಮರಳಿಸುವ ಮೇಣದಬತ್ತಿ ಸಾಲಾಗಿ ನಿಂತಿರುತ್ತವೆ. ದೊನ್ ಪೆದ್ರಿತೊನ ಪಟಕ್ಕೂ ಅಲ್ಲಿ ಬೆಲೆಯ ಚೀಟಿ ಇದೆ.

ವೈದ್ಯವಿಮೆಯಿಲ್ಲದವರು, ಆಸ್ಪತ್ರೆಯಲ್ಲಿ ಗುರುತಿನ ಚೀಟಿ ಕೇಳುತ್ತಾರೆಂದು ಹೆದರುವವರು ಇಂದಿಗೂ ಮೊದಲು ಹೋಗುವುದು ಸೊಬಾದೊರ್ ಅಥವಾ ಮಾತೇರಿಯಾಳ ಮನೆಗೆ. ವಿಮೆಯಿದ್ದವರೂ ಹೋಗುತ್ತಾರೆ, ಆದರೆ ಮಾತ್ರೆ ಬಿಟ್ಟಲ್ಲ, ಮಾತ್ರೆಯ ಜೊತೆಗೆ. ವಿಶ್ವವಿದ್ಯಾಲಯಗಳ ಧೋರಣೆಯೂ ಬದಲಾಗಿದೆ. ಅಲ್ಬುಕರ್ಕಿಯ ನ್ಯೂ ಮೆಕ್ಸಿಕೊ ವಿಶ್ವವಿದ್ಯಾಲಯದಲ್ಲಿ ಎಲಿಸೆಯೊ ತೊರೆಸ್ ಆರಂಭಿಸಿದ ಕುರಾಂದೆರೊ ವಿದ್ಯೆಯ ಬೇಸಿಗೆ ತರಗತಿ ಇಪ್ಪತ್ತು ವರ್ಷಕ್ಕೂ ಹೆಚ್ಚು ಕಾಲದಿಂದ ನಡೆದುಬಂದಿದೆ. ಮೆಕ್ಸಿಕೊದಿಂದ ನಾಟಿ ವೈದ್ಯರು ಬಂದು ಲಿಂಪಿಯಾ, ಮೂಲಿಕೆ, ನೀವುವಿಕೆಗಳನ್ನು ಮಾಡಿ ತೋರಿಸುತ್ತಾರೆ. ದಾದಿಯರು, ಆರೋಗ್ಯ ಕಾರ್ಯಕರ್ತರು, ಅಜ್ಜಿ ಮಾಡುತ್ತಿದ್ದುದು ಏನೆಂದು ತಿಳಿಯಬಯಸುವ ಮೊಮ್ಮಕ್ಕಳು ಹೆಸರು ನೋಂದಾಯಿಸಿಕೊಳ್ಳುತ್ತಾರೆ. ತರಗತಿಯ ಪಾಠಗಳು ಅಂತರ್ಜಾಲದಲ್ಲೂ ಸಿಗುತ್ತವೆ.